ದಣಿವಿನ ಕೂಲಿ

ಹಿರೇಕೊಪ್ಪದ ಮೆಣಸಿನಕಾಯಿ ಪೇಟೆಯಲ್ಲಿ ದಣಿವಿಗೆ ತಕ್ಕ ಕೂಲಿ ಕೊಡುವ ಕಾನೂನು ಬಂದ ಮೊದಲ ವಾರ, ಚಂಪವ್ವ ಸಂಜೆ ಮನೆಗೆ ಬಂದವಳೇ ಹಿರಿಯ ಮಗಳು ಕಸ್ತೂರಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಉಪ್ಪು ನಿವಾಳಿಸಿ, ಲಟಿಕೆ ಮುರಿದು ದೃಷ್ಟಿ ತೆಗೆದಳು. ತೆಗೆಯದೆ ಇನ್ನೇನು ಮಾಡ್ಯಾಳು? ಹುಟ್ಟಿದಾಗಿನಿಂದ ಕಾಣದ ಕೂಲಿ ಆವತ್ತು ಅವಳ ಸೆರಗಿನ ಗಂಟಿನಲ್ಲಿತ್ತು. ಆ ಕೂಲಿಯನ್ನು ಅಳೆದುಕೊಟ್ಟ ಯಂತ್ರದ ಕೆಲಸದಲ್ಲಿ ತನ್ನ ಮಗಳ ಕೈ ಇದೆ ಅನ್ನುವುದು ಅವಳಿಗೆ ಆ ದುಡ್ಡಿಗಿಂತ ಹೆಚ್ಚಿನ ಹಿಗ್ಗು.

ಅದಕ್ಕೂ ಮೊದಲು ಪೇಟೆಯ ಕೂಲಿ ಹೇಗಿತ್ತು ಅಂದರೆ, ಕೇಳಿದವರಿಗೆ ಸಿಟ್ಟು ಬರಬೇಕು. ಬೆಳಗಿನಿಂದ ಘಾಟಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಒಂದು ಕೂಲಿ. ಚೀಲ ಹೊರುವ ಗಂಡಸರಿಗೆ ಅದರ ಎರಡರಷ್ಟು. ಗಾದಿಯ ಮೇಲೆ ಕೂತು ಲೆಕ್ಕ ಬರೆಯುವ ಬಿ.ಕಾಂ. ಪಾಸಾದವನಿಗೆ ಅದಕ್ಕೂ ಮೇಲೆ. ಅದೇ ತೊಟ್ಟು ಬಿಡಿಸುವ ಮುದುಕಿಗೆ, ಕಣ್ಣು ಮಂದ ಅಂತ ಅರ್ಧ ಕೂಲಿ. ಹಿಂಗ್ಯಾಕ್ರಿ ಸಾವಕಾರ್ರ ಅಂತ ಕೇಳಿದರೆ, "ಮೊದ್ಲಿಂದಾನೂ ಹಂಗ ಐತೆವ್ವಾ" ಅನ್ನುವ ಉತ್ತರ. ಮೊದಲು ಅನ್ನುವುದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ.

ಆಗ ಬಂತು ನೋಡಿ ದಣಿವುಪಟ್ಟಿ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಬೂದುಬಣ್ಣದ ಪಟ್ಟಿ. ಬೆವರಿನ ಉಪ್ಪು, ನಾಡಿಯ ಓಟ, ಸ್ನಾಯುವಿನ ಒಳಗಿನ ಕಣ್ಣಿಗೆ ಕಾಣದ ನಡುಕ, ಇವನ್ನೆಲ್ಲ ಕೂಡಿಸಿ ಆ ಮೈ ಎಷ್ಟು ದಣಿದಿದೆ ಅನ್ನುವುದನ್ನು ಒಂದು ಅಂಕಿಯಲ್ಲಿ ಹೇಳುತ್ತಿತ್ತು. ಅದರ ಅಳತೆಗೆ ವಿಜ್ಞಾನಿಗಳು ಇಟ್ಟ ಹೆಸರು ನಾಲಿಗೆಗೆ ತಿರುಗದ್ದು. ಪೇಟೆಯ ಮಂದಿ ಬಂಗಾರ ತೂಗುವ ಮಾತನ್ನೇ ಅದಕ್ಕೆ ತಂದರು, ಗುಂಜಿ ಅಂದರು. "ಇವತ್ತ ಎಷ್ಟ ಗುಂಜಿ ದಣದಿ?" ಅಂತ ಒಬ್ಬರನ್ನೊಬ್ಬರು ಕೇಳತೊಡಗಿದರು. ಪ್ರಯೋಗಕ್ಕೆಂದು ಮೊದಲು ಹಿರೇಕೊಪ್ಪಕ್ಕಷ್ಟೇ ತಂದ ಆ ಕಾನೂನು ಸರಳವಾಗಿತ್ತು. ಗಂಡೋ ಹೆಣ್ಣೋ, ಓದಿದವರೋ ಓದದವರೋ, ಹರೆಯವೋ ಮುಪ್ಪೋ, ಗುಂಜಿಗೆ ಒಂದೇ ದರ. ದಣಿವಿಗೆ ಜಾತಿ ಇಲ್ಲ ಅಂತ ಮಂತ್ರಿಗಳು ಭಾಷಣ ಮಾಡಿದರು.

ಕಸ್ತೂರಿ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಪೇಟೆಯ ಹಿಂದೆಯೇ ಕಟ್ಟಿದ್ದ ದಣಿವು ಮಾಪನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದಳು. ಊರಿನ ಎಲ್ಲ ಪಟ್ಟಿಗಳ ಅಂಕಿಗಳೂ ಅಲ್ಲಿಯ ದೊಡ್ಡ ಪರದೆಗೆ ಬಂದು ಬೀಳುತ್ತಿದ್ದವು. ಕೇಂದ್ರದ ಮುಖ್ಯಸ್ಥರು ಇನಾಮದಾರ ಸರ್, ಪಾನ ತಿಂದು ತಿಂದು ಹಲ್ಲು ಕೆಂಪಾದ, ಒಳ್ಳೆಯ ಮನಸ್ಸಿನ ಮನುಷ್ಯ. ಕೇಂದ್ರದ ನೌಕರರಿಗೂ ಪಟ್ಟಿಯ ಲೆಕ್ಕದಲ್ಲೇ ಸಂಬಳ ಆಗಬೇಕು ಅಂತ ಹಟ ಹಿಡಿದವರೇ ಅವರು.

ಮೊದಲ ತಿಂಗಳು ಪೇಟೆ ಹಬ್ಬದಂತಿತ್ತು. ಲೆಕ್ಕ ಬರೆಯುವ ಬಿ.ಕಾಂ.ನವನ ಸಂಬಳ ಇಳಿದುಹೋಗಿ, ಪಾಪ, ಅವನು ಕ್ಯಾಲ್ಕುಲೇಟರ್ ಬಿಟ್ಟು ಬೆರಳು ಮಡಚಿ ಎಣಿಸತೊಡಗಿದ. ಅಷ್ಟಾದರೂ ಮೆದುಳು ದಣಿಯಲಿ ಅಂತ! ಮುದುಕರಿಗೆ ಬೇಗ ದಣಿವು, ಹಾಗಾಗಿ ಕೂಲಿ ಜಾಸ್ತಿ; ಆದರೆ ಆ ಖುಷಿ ಬಹಳ ದಿನ ಉಳಿಯಲಿಲ್ಲ. "ಅಜ್ಜಾ, ನಿನಗ್ಯಾಕ ಈ ತ್ರಾಸು, ಮನ್ಯಾಗ ಆರಾಮ ಇರು" ಅಂತ ಮಾಲಕರು ಕೈಮುಗಿದು ಕಳಿಸಿಬಿಟ್ಟರು. ಹರೆಯದವರು ಸುಲಭಕ್ಕೆ ದಣಿಯುವುದಿಲ್ಲ, ಅವರ ಕೂಲಿ ಕಡಿಮೆ, ಅವರಿಗೇ ಬೇಡಿಕೆ. ಇದನ್ನು ಕಂಡು ಕಸ್ತೂರಿಗೆ ಮೊದಲ ಸಲ ಒಳಗೆ ಚುರ್ ಅಂದಿತು. ಆದರೂ ಹೆಂಗಸರ ಕೂಲಿ ಏರಿದ್ದನ್ನು ನೋಡಿ, ಎಲ್ಲಾ ಒಮ್ಮೆಲೇ ಸರಿಹೋಗಲಿಕ್ಕೆ ಇದೇನು ಮಂತ್ರವೇ ಅಂತ ಸುಮ್ಮನಾದಳು.

ತಕರಾರು ಎದ್ದದ್ದು ಘಾಟಿನಿಂದ. ಮೆಣಸಿನಕಾಯಿಯ ರಾಶಿಯ ನಡುವೆ ಕೂತವರಿಗೆ ಬೆವರು ಕಿತ್ತುಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸೀನಿ ಸೀನಿ ಸಾಕಾಗುತ್ತದೆ. ಪಟ್ಟಿ ಅದನ್ನೂ ದಣಿವು ಅಂತಲೇ ಎಣಿಸುತ್ತಿತ್ತು. ಮಾಲಕರೆಲ್ಲ ಒಟ್ಟಾಗಿ ಕೇಂದ್ರಕ್ಕೆ ಬಂದು, "ನಾವು ದುಡಿತಕ್ಕ ರೊಕ್ಕ ಕೊಡತೀವ್ರಿ, ಸೀನಿಗಲ್ಲ" ಅಂತ ಗದ್ದಲ ಎಬ್ಬಿಸಿದರು. ಇನಾಮದಾರರು ಕಸ್ತೂರಿಯ ಕಡೆ ನೋಡಿದರು. ಅವಳು ಮೂರ್ನಾಲ್ಕು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಹುಡುಕಿದಳು. ಕೆಲಸ ಶುರುವಾಗುವ ಮೊದಲು ಎಲ್ಲರೂ ಬಾಗಿಲ ಒಳಗಿನ ರಾಶಿಯ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಆಗ ಪಟ್ಟಿ ತೋರಿಸಿದ ಅಂಕಿಯನ್ನು ಗುರುತು ಮಾಡಿಟ್ಟು, ಸಂಜೆಯ ಅಂಕಿಯಲ್ಲಿ ಕಳೆಯಬೇಕು. ಘಾಟಿನ ಪಾಲು ಹೋಯಿತು, ದುಡಿತದ ಪಾಲು ಉಳಿಯಿತು. ಅದಕ್ಕೆ 'ಬಾಗಿಲ ಗುರುತು' ಅಂತ ಹೆಸರಾಯಿತು. ಮಾಲಕರು ಒಪ್ಪಿದರು, ಮೇಲಿನವರು ಭೇಷ್ ಅಂದರು, ಕಸ್ತೂರಿಗೆ ಬಡ್ತಿ ಸಿಕ್ಕಿತು.

ಮುಂದಿನ ವಾರ ಚಂಪವ್ವ ಕೂಲಿಯ ಚೀಟಿ ತಂದು ಮಗಳ ಮುಂದೆ ಒಗೆದಳು.

"ಇದೇನವ್ವಾ ನಿನ್ನ ಮಿಷನ್ನಿನ ನ್ಯಾಯ? ನಿಮ್ಮಪ್ಪ ನನ್ನ ಎರಡರಷ್ಟ ದಣದಾನಂತ. ನಾ ಏನ ಪೇಟ್ಯಾಗ ಮಲಕೊಂಡಿದ್ನೇನ?"

ಅಪ್ಪ ಫಕ್ಕೀರಪ್ಪ ಹಮಾಲ. ಬೆಳಿಗ್ಗೆ ಎದ್ದು, ರೊಟ್ಟಿ ತಿಂದು, ಪೇಟೆಯ ಗೇಟಿನ ಹತ್ತಿರದ ಬೇವಿನ ನೆರಳಲ್ಲಿ ಒಂದು ಸಣ್ಣ ನಿದ್ದೆ ತೆಗೆದು ಕೆಲಸಕ್ಕೆ ಹೋಗುವವನು. "ನಾ ಚೀಲಾ ಹೊರತೀನಿ, ನೀ ಕೂತ ಕೆಲಸಾ ಮಾಡ್ತಿ. ಫರಕ್ ಇರಂಗಿಲ್ಲೇನ?" ಅಂದ.

"ಹೌದ್ ಹೌದು, ಕೂತ ಕೆಲಸ! ನಸುಕಿನ್ಯಾಗ ನೀರ ಹಿಡಿಯೂದು, ಎಮ್ಮಿ ಹಿಂಡೂದು, ಇಷ್ಟ ರೊಟ್ಟಿ ಬಡಿಯೂದು, ನಿಮ್ಮವ್ವನ ಹಾಸಗಿ ತಗದು ಮೈ ಒರಸೂದು, ಎಲ್ಲಾ ಕೂತ ಮಾಡ್ತೀನಿ ನಾ."

ಕಸ್ತೂರಿ ಚೀಟಿಯ ಅಂಕಿಗಳನ್ನು ಮತ್ತೊಮ್ಮೆ ಓದಿದಳು. ಅವಳಿಗೆ ಒಂದೇ ಕ್ಷಣದಲ್ಲಿ ಎಲ್ಲಾ ಹೊಳೆದುಹೋಯಿತು. ಬಾಗಿಲ ಗುರುತಿನಲ್ಲಿ ಘಾಟು ಒಂದೇ ಅಲ್ಲ, ಅವ್ವ ಮನೆಯಿಂದ ಹೊತ್ತು ತಂದ ದಣಿವೂ ಸೇರಿಹೋಗಿತ್ತು. ಅದೂ ಸಂಜೆ ಕಳೆದುಹೋಗುತ್ತಿತ್ತು. ಮೇಲಾಗಿ, ಮೊದಲೇ ದಣಿದ ಮೈಯಲ್ಲಿ ಅಂಕಿ ಏರುವುದೇ ನಿಧಾನ. ತುಂಬಿದ ಕೊಡಕ್ಕೆ ಇನ್ನೊಂದು ತಂಬಿಗೆ ಹೊಯ್ದರೆ ಎಷ್ಟು ಹಿಡಿದೀತು? ಆರಾಮಾಗಿ ಬಂದ ಅಪ್ಪನದು ಖಾಲಿ ಕೊಡ.

"ನಾ ಏನರ ಮಾಡ್ತೀನವ್ವಾ, ಸ್ವಲ್ಪ ತಡೀ" ಅಂದಳು ಕಸ್ತೂರಿ.

ಆದರೆ ಪೇಟೆ ತಡೆಯುವುದಿಲ್ಲ. ಹೆಂಗಸರಿಗೂ ಗುಟ್ಟು ತಿಳಿದುಹೋಯಿತು: ಕೂಲಿ ಹೆಚ್ಚಬೇಕಾದರೆ ಬಾಗಿಲಿಗೆ ಬರುವಾಗ ಮೈ ಹಗುರ ಇರಬೇಕು. ಚಂಪವ್ವ ಒಂದು ದಿನ ಎಲ್ಲ ಕೆಲಸ ಬಿಟ್ಟು ಹೋದಳು. ಆವತ್ತು ಚೀಟಿಯ ಅಂಕಿ ಜಿಗಿಯಿತು, ಮನೆಯಲ್ಲಿ ಮಾತ್ರ ಒಲೆ ಹತ್ತಲಿಲ್ಲ, ಹಾಸಿಗೆ ಹಿಡಿದಿದ್ದ ಆಯಿ, ಫಕ್ಕೀರಪ್ಪನ ತಾಯಿ, ಒದ್ದೆಯಲ್ಲೇ ಮಲಗಿದ್ದಳು. ಸಂಜೆ ಗಂಡ ಹೆಂಡಿರ ನಡುವೆ ಜಗಳ ಹತ್ತಿತು.

ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದ ರೋಹಿಣಿ ಆಗ ಬಾಯಿಬಿಟ್ಟಳು. "ಅದಕ್ಯಾಕ ಇಷ್ಟ ಜಗಳ? ನಾ ಮಾಡ್ತೀನಿ ಬಿಡ್ರಿ."

ರೋಹಿಣಿ ಕಸ್ತೂರಿಯ ತಂಗಿ, ಆ ವರ್ಷ ಸೆಕೆಂಡ್ ಪಿಯುಸಿ, ವಿಜ್ಞಾನ. ರಸಾಯನಶಾಸ್ತ್ರ ಅಂದರೆ ಹುಡುಗಿಗೆ ಜೀವ. ಒಗ್ಗರಣೆ ಹಾಕುವಾಗ ಸಾಸಿವೆ ಯಾಕೆ ಸಿಡಿಯುತ್ತದೆ, ಮೆಣಸಿನಕಾಯಿ ಯಾಕೆ ಉರಿಯುತ್ತದೆ ಅಂತ ಆಯಿಗೆ ಪಾಠ ಹೇಳುವವಳು. ಆಯಿಗೆ ಕಿವಿ ಕೇಳುವುದು ಅಷ್ಟಕ್ಕಷ್ಟೆ, ಆದರೂ ಹೂಂಗುಡುತ್ತಿದ್ದಳು. ಪಾಸಾಗಿ ಫಾರ್ಮಸಿ ಓದಿ, ಪೇಟೆಯ ಮೂಲೆಯಲ್ಲಿ ಔಷಧಿ ಅಂಗಡಿ ಇಡಬೇಕು ಅನ್ನುವುದು ಅವಳ ಆಸೆ.

"ಓದೂದು?" ಅಂದಳು ಕಸ್ತೂರಿ.

"ನಸುಕಿನ ಕೆಲಸಾ ಮುಗಿಸಿ ಕಾಲೇಜಿಗೆ ಹೋಗ್ತೀನಿ. ನೀವೆಲ್ಲಾ ದುಡದ ತಂದ್ರ ತಾನ ಫೀಸು?" ಅಂದು, ಅಕ್ಕನ ಗದ್ದ ಹಿಡಿದು, "ನೀವು ಮೂರೂ ಮಂದಿ ಗುಂಜಿ ಗಳಸಾವ್ರು. ನಾ ಒಬ್ಬಾಕಿ ಮನ್ಯಾಗ ಬಿಟ್ಟಿ ಕೂಳ ತಿನ್ನಾಕಿ" ಅಂತ ನಕ್ಕಳು.

ಎಲ್ಲರೂ ನಕ್ಕರು. ಕಸ್ತೂರಿಯೂ ನಕ್ಕಳು. ಮರುದಿನದಿಂದ ಅವಳ ಬಟ್ಟೆ ಒಗೆದು ಮಡಚಿ ಇರುತ್ತಿತ್ತು, ಡಬ್ಬಿ ಕಟ್ಟಿ ಇರುತ್ತಿತ್ತು. ಅವಳೂ ಹಗುರ ಮೈಯಲ್ಲಿ ಕೇಂದ್ರಕ್ಕೆ ಹೋಗುತ್ತಿದ್ದಳು. ಒಳ್ಳೆಯದಾಯಿತು ಅಂತಲೇ ಅವಳಿಗೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಬೇಕು.

ನೋಡನೋಡುತ್ತ ಊರಿಗೆ ಊರೇ ಇದನ್ನು ಕಲಿಯಿತು. ದುಡಿಯುವವರನ್ನು 'ಆರಾಮ ಇಡುವುದು' ಅಂತ ಹೊಸ ರೂಢಿ ಬಂತು. ಹೆಂಡತಿ ಕೊಡ ಎತ್ತಲು ಹೋದರೆ ಗಂಡ ಓಡಿಬಂದು, "ಬ್ಯಾಡ ಬ್ಯಾಡ, ನೀ ಕೂಡು" ಅನ್ನುತ್ತಿದ್ದ. ಅತ್ತೆಯರು ಸೊಸೆಗೆ ಕೂತಲ್ಲಿಗೆ ಚಹಾ ಕಳಿಸುತ್ತಿದ್ದರು. ಹೆಣ್ಣಿಗೆ ಎಂಥಾ ಮರ್ಯಾದೆಯ ಕಾಲ ಬಂತಪ್ಪಾ ಅಂತ ಹೊರಗಿನಿಂದ ಬಂದವರು ಬೆರಗಾದರು. ಆ ಕೊಡವನ್ನು ಮತ್ತೆ ಯಾರು ಎತ್ತಿದರು, ಆ ಚಹಾ ಯಾರು ಕಾಸಿದರು ಅಂತ ಮಾತ್ರ ಯಾರೂ ಕೇಳಲಿಲ್ಲ. ಪ್ರತಿ ಮನೆಯಲ್ಲೂ ಪಟ್ಟಿ ಇಲ್ಲದ ಒಂದು ಕೈ ಇತ್ತು. ಓದುವ ಹುಡುಗಿ, ಗಂಡ ಸತ್ತು ತವರಿಗೆ ಬಂದ ಅಕ್ಕ, ಕೆಲಸದಿಂದ ಬಿಡಿಸಿ ಕಳಿಸಿದ ಮುದುಕಿ.

ಚಳಿಗಾಲ ಕಳೆಯುವ ಹೊತ್ತಿಗೆ ಕೇಂದ್ರದ ಪರದೆಯ ಮೇಲೆ ಎರಡು ಗೆರೆಗಳು ಹತ್ತಿರ ಬರತೊಡಗಿದವು. ಒಂದು ಗಂಡಸರ ಕೂಲಿಯದು, ಇನ್ನೊಂದು ಹೆಂಗಸರದು. ಒಂದು ದಿನ ಅವು ಒಂದರ ಮೇಲೊಂದು ಕೂತುಬಿಟ್ಟವು. ಇನಾಮದಾರರು ಚಪ್ಪಾಳೆ ತಟ್ಟಿ, ಎಲ್ಲರಿಗೂ ಪೇಢೆ ಹಂಚಿದರು. ಅವರ ಕಣ್ಣಲ್ಲಿ ನೀರೇ ಬಂದಿತ್ತು.

"ಕಸ್ತೂರಿ, ಇಂಥಾದ್ದು ಜಗತ್ತಿನಾಗ ಎಲ್ಲೂ ಆಗಿಲ್ಲ. ಹೆಣ್ಣು ಗಂಡು, ಅಂತರ ಸೊನ್ನೆ! ವರದಿ ನೀ ಬರೀ. ಬೆಂಗಳೂರಿಗೆ ನಾನ ಒಯ್ದು ಕೊಡ್ತೇನಿ."

ಅದೇ ವಾರ ಕಾಲೇಜಿನಿಂದ ಕಸ್ತೂರಿಗೆ ಕರೆ ಬಂತು. ರಸಾಯನಶಾಸ್ತ್ರದ ಲೆಕ್ಚರರ್ ಶಕುಂತಲಾ ಮೇಡಂ ಅವಳನ್ನು ಕ್ಲಾಸಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ಒಳಗೆ ತೋರಿಸಿದರು. ಹುಡುಗರ ಬೆಂಚುಗಳು ತುಂಬಿದ್ದವು. ಹುಡುಗಿಯರ ಕಡೆ ನಾಲ್ಕಾರು ಜನ, ಉಳಿದದ್ದೆಲ್ಲ ಖಾಲಿ.

"ನಿಮ್ಮ ತಂಗಿ ಹಾಜರಿ ಕಡಿಮೆ ಆಗೇದ. ಹಾಲ್ ಟಿಕೆಟ್ ಬರೂದು ಕಷ್ಟ. ಇಂಥಾ ಹುಡುಗಿ ಪರೀಕ್ಷಾ ಬರಿಯಲಿಲ್ಲ ಅಂದ್ರ ನನಗ ಊಟ ಸೇರಂಗಿಲ್ಲ ನೋಡ್ರಿ" ಅಂದರು ಮೇಡಂ.

ಕಸ್ತೂರಿ ಅಲ್ಲಿಂದ ಸೀದಾ ಮನೆಗೆ ಹೋದಳು. ನಡು ಮಧ್ಯಾಹ್ನ. ರೋಹಿಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪೇಟೆಯಿಂದ ಬಂದ ಬಟ್ಟೆಗಳು, ನೀರಿಗೆ ಹಾಕಿದ ಕೂಡಲೇ ಖಾರ ಬಿಡುತ್ತವೆ. ಹುಡುಗಿಯ ಎರಡೂ ಕೈ ಕೆಂಪಗೆ ಊದಿದ್ದವು.

"ಕಾಲೇಜಿಗೆ ಯಾಕ ಹೋಗಿಲ್ಲ?"

"ಹೋಗಬೇಕಂತ ಮಾಡ್ತೀನಕ್ಕಾ. ಅಷ್ಟರಾಗ ಆಯಿ ಕರೀತಾಳ. ಆಮ್ಯಾಲೆ ಎಮ್ಮಿ. ಆಮ್ಯಾಲೆ ಅಪ್ಪನ ಬುತ್ತಿ. ಹೊತ್ತ ಹೋಗೂದ ಗೊತ್ತಾಗಂಗಿಲ್ಲ." ರೋಹಿಣಿ ಮುಖ ಎತ್ತಲಿಲ್ಲ. "ಪುಸ್ತಕಾ ಒಲಿ ಮುಂದ ಇಟಗೊಂಡ ಓದ್ತೀನಿ. ಬರಿಯಾಕ ಬರ್ತೈತಿ ನಂಗ. ಹಾಲ್ ಟಿಕೆಟ್ ಒಂದ ಕೊಡಸು."

ಸಂಜೆ ಮನೆಯಲ್ಲಿ ಮಾತಾಯಿತು. ಫಕ್ಕೀರಪ್ಪ ಕೆಟ್ಟವನಲ್ಲ, ಆದರೆ ಅವನ ಲೆಕ್ಕ ಅವನದು. "ಪಾಸಾದ್ರ ಓದಲಿ, ನಾ ಬ್ಯಾಡ ಅನ್ನಂಗಿಲ್ಲ. ಆಗಲಿಲ್ಲಂದ್ರ ಮನ್ಯಾಗ ಇರಲಿ. ಮನಿಗೂ ಒಬ್ಬರು ಬೇಕಲ್ಲ" ಅಂದ. ಚಂಪವ್ವ ಮಗಳ ಊದಿದ ಕೈಗೆ ಹರಳೆಣ್ಣೆ ತಿಕ್ಕುತ್ತ ಕೂತಳು.

ಕಸ್ತೂರಿ ಮರುದಿನ ಕೇಂದ್ರದಿಂದ ಒಂದು ಪಟ್ಟಿಯನ್ನು ಹೇಳದೆ ಕೇಳದೆ ಚೀಲಕ್ಕೆ ಹಾಕಿಕೊಂಡು ಬಂದಳು. ರೋಹಿಣಿಯ ಮಣಿಕಟ್ಟಿಗೆ ಕಟ್ಟಿ ಮೇಲೆ ಬಳೆ ಸರಿಸಿದಳು.

"ನಂಗೂ ಕೂಲಿ ಬರ್ತೈತೇನಕ್ಕಾ?" ರೋಹಿಣಿ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಬಂದ್ರ ಮೊದಲ ನಿಂಗೊಂದು ಸೀರಿ."

ಒಂದು ವಾರ ಕಳೆದ ಮೇಲೆ ಕಸ್ತೂರಿ ನಿಯಂತ್ರಣ ಕೋಣೆಯಲ್ಲಿ ಆ ಪಟ್ಟಿಯ ಗೆರೆಯನ್ನು ತೆಗೆದು ನೋಡಿದಳು. ಮನುಷ್ಯರ ಗೆರೆ ಹಗಲು ಏರುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ, ಬೆಳಿಗ್ಗೆ ಮತ್ತೆ ತಳದಿಂದ ಶುರು. ರೋಹಿಣಿಯ ಗೆರೆ ಇಳಿಯುತ್ತಲೇ ಇರಲಿಲ್ಲ. ಒಂದು ದಿನದ ದಣಿವಿನ ಮೇಲೆ ಇನ್ನೊಂದು ದಿನದ್ದು ಕೂತು, ಮೈಯೊಳಗೆ ಹೆಪ್ಪುಗಟ್ಟಿಹೋಗಿತ್ತು. ವಿಶ್ರಾಂತಿ ಸಿಗದ ಸ್ನಾಯು ದಣಿವನ್ನು ಹೊರಹಾಕುವುದನ್ನೇ ಮರೆಯುತ್ತದೆ ಅಂತ ಅವಳು ಪುಸ್ತಕದಲ್ಲಿ ಓದಿದ್ದಳು, ಕಣ್ಣಿಂದ ಕಂಡಿರಲಿಲ್ಲ. ಪರದೆಯ ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು ಬಂದಿತ್ತು: 'ಪಟ್ಟಿ ಕೆಟ್ಟಿದೆ, ಬದಲಿಸಿ.' ಇಂಥ ಅಂಕಿ ಇರಲಿಕ್ಕೆ ಸಾಧ್ಯವಿಲ್ಲ ಅಂತ ಯಂತ್ರ ತೀರ್ಮಾನಿಸಿಬಿಟ್ಟಿತ್ತು. ಹುಡುಗಿ ಅದೇ ಹೊತ್ತಿಗೆ ಮನೆಯಲ್ಲಿ ಅಕ್ಕನ ಅಂಗಿ ಒಗೆಯುತ್ತಿದ್ದಳು.

ಇನಾಮದಾರರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಯಾರದಿದು?"

"ನನ್ನ ತಂಗೀದು ಸರ್. ಊರ ತುಂಬ ಇಂಥಾವ್ರ ಅದಾರ. ಅಂತರ ಸೊನ್ನೆ ಆಗಿಲ್ಲ ಸರ್. ಪಟ್ಟಿ ಇರಲಾರದವರ ಮೈಮ್ಯಾಲೆ ಹೋಗಿ ಕೂತೈತಿ. ಬಾಗಿಲ ಗುರುತು ತಗದು ಹಾಕೂಣು. ಮೈ ಪೂರಾ ಆರಾಮ ಇದ್ದಾಗಿನ ಒಂದು ಅಂಕಿ ಹಿಡಿದು, ಅಲ್ಲಿಂದ ಎಣಿಸೂಣು. ಆಗ ಅವ್ವಗ ಮನೀ ದಣಿವೂ ಲೆಕ್ಕಕ್ಕ ಬರ್ತೈತಿ. ರೋಹಿಣಿ ಕಾಲೇಜಿಗೆ ಹೋಗ್ತಾಳ."

"ಅಂದ್ರ ಮನೀ ದಣಿವಿಗೂ ಮಾಲಕರು ರೊಕ್ಕಾ ಕೊಡಬೇಕು. ಕೊಡ್ತಾರೇನು?"

ಕಸ್ತೂರಿ ಪರದೆಯ ಮೇಲಿನ ಗೆರೆಯನ್ನೇ ಮತ್ತೆ ಬೆರಳಿನಿಂದ ತೋರಿಸಿದಳು.

"ಘಾಟಿನ ಸೀನಿಗೇ ಕೊಡಲಿಲ್ಲ ಅವರು." ಇನಾಮದಾರರು ಬಾಯಲ್ಲಿದ್ದ ಪಾನ ಉಗುಳಿ ಬಂದು ಕೂತರು. ಅವರ ದನಿ ಇಳಿದಿತ್ತು. "ಇದು ಖರೇ ಅದ ಕಸ್ತೂರಿ. ನನ್ನ ಮನ್ಯಾಗೂ ನನ್ನ ಅಕ್ಕ ಇದ್ದಾಳ. ಆಕಿ ಕೈಗೆ ಪಟ್ಟಿ ಕಟ್ಟಿದ್ರ ಏನ ಬರ್ತದ ಅಂತ ನನಗ ಗೊತ್ತಿಲ್ಲೇನು? ಆದರ ಈ ದಣಿವಿಗೆ ಮಾಲಕ ಯಾರು? ಯಾರ ಮುಂದ ಕೈ ಒಡ್ಡಬೇಕು ಆ ಹುಡುಗಿ? ಇದನ್ನ ವರದಿಯೊಳಗ ಬರದಿ ಅಂದ್ರ, ಪ್ರಯೋಗ ಸೋತದ ಅಂತ ಕಾನೂನು ತಗದ ಒಗೀತಾರ. ಮತ್ತ ಹಳೇ ಕೂಲಿ. ನಿಮ್ಮವ್ವಗ ಅರ್ಧ, ನಿಮ್ಮಪ್ಪಗ ಪೂರಾ. ಆಕಿಗೆ ಅದು ಬೇಕೇನು? ಕೇಳಿ ಬಾ ಹೋಗು."

ಕಸ್ತೂರಿ ಕೇಳಿದಳು. ರೋಹಿಣಿ ಎಮ್ಮೆ ಹಿಂಡಲು ಹೋಗಿದ್ದಾಗ, ಪಡಸಾಲೆಯಲ್ಲಿ ಅವ್ವನ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಚಂಪವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಷ್ಟು ವರ್ಷದಾಗ ಈಗೊಂದ ವರ್ಷ ನನಗ ಮನಷ್ಯಾರಂಗ ಕೂಲಿ ಕೊಟ್ಟಾರವ್ವಾ. ಸಾವಕಾರ ನನ್ನ ಹೆಸರ ಹಿಡದ ಕರೀತಾನ, ಚಂಪವ್ವಾರ ಅಂತಾನ. ಅದನ್ನ ಬಿಟ್ಟ ಕೊಡು ಅಂತೀ?" ಅಷ್ಟು ಹೇಳಿದ್ದೇ, ಅವಳ ಮುಖ ಮುದುಡಿಹೋಯಿತು. "ಆ ಕೂಸಿನ ಮೈ ಸುಟ್ಟ ನಾ ಇದನ್ನ ತಿನ್ನಾಕತ್ತೀನಲ್ಲ. ನಾ ಎಂಥಾ ಪಾಪಿ ಇರಬೇಕು! ನನಗ ಗೊತ್ತಾಗಂಗಿಲ್ಲ. ಏನ ಮಾಡ್ಲಿ ಅಂತ ನನ್ನ ಕೇಳಬ್ಯಾಡ. ನೀ ಓದಿದಾಕಿ, ನೀನ ಹೇಳು."

ಕಸ್ತೂರಿ ವರದಿ ಬರೆದಳು. ಗಂಡು ಹೆಣ್ಣಿನ ಕೂಲಿಯ ಅಂತರ ಸೊನ್ನೆ ಅಂತ ಬರೆದು ಸಹಿ ಹಾಕಿದಳು. ರೋಹಿಣಿಯ ಗೆರೆಯನ್ನು ಸೇರಿಸಲಿಲ್ಲ. ಸಹಿ ಹಾಕಿದ ಕೈಯನ್ನು ಆಮೇಲೆ ನಲ್ಲಿಯ ಕೆಳಗೆ ಹಿಡಿದು ಸುಮ್ಮನೆ ನಿಂತಿದ್ದಳು, ನೀರು ಹರಿಯುತ್ತಲೇ ಇತ್ತು.

ವರದಿಯಲ್ಲಿ ಆಗದ್ದನ್ನು ಮನೆಯಲ್ಲಾದರೂ ಮಾಡುತ್ತೇನೆ ಅಂತ ಹಟ ತೊಟ್ಟಳು. ಶಕುಂತಲಾ ಮೇಡಂ ಜೊತೆ ಹೋಗಿ ಪ್ರಿನ್ಸಿಪಾಲರನ್ನು ಬೇಡಿಕೊಂಡಳು, ಕಾಲಿಗೆ ಬೀಳುವುದೊಂದು ಬಾಕಿ. ಉಳಿದ ದಿನ ಒಂದೂ ತಪ್ಪಿಸಬಾರದು ಅನ್ನುವ ಷರತ್ತಿನ ಮೇಲೆ ಹಾಲ್ ಟಿಕೆಟ್ ಕೊಡಲು ಅವರು ಒಪ್ಪಿದರು. ಕಸ್ತೂರಿ ನಸುಕಿನಲ್ಲಿ ಎದ್ದು ನೀರು ಹಿಡಿದಳು, ಆಯಿಯ ಮೈ ಒರೆಸಿದಳು, ಬಾರದ ರೊಟ್ಟಿಯನ್ನು ಬಡಿದು ಕೈ ಸುಟ್ಟುಕೊಂಡಳು. ಚಂಪವ್ವನೂ ತಡೆಯಲಾರದೆ ಕೈಹಾಕಿದಳು. ಇಬ್ಬರ ಬಾಗಿಲ ಗುರುತೂ ಏರಿತು, ಸಂಬಳ ಇಳಿಯಿತು. ಫಕ್ಕೀರಪ್ಪ ಗೊಣಗಿದ. ಗೊಣಗುತ್ತಲೇ ಒಂದು ದಿನ ಎಮ್ಮೆಗೆ ಮೇವು ಹಾಕಿ, ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದ.

ರೋಹಿಣಿ ಯೂನಿಫಾರ್ಮ್ ಹಾಕಿಕೊಂಡು ಕಾಲೇಜಿಗೆ ಹೋದಳು. ಮನೆಗೆ ಬಂದು ಪುಸ್ತಕ ತೆರೆಯುತ್ತಿದ್ದಳು. ಅವಳಿಗೆ ಎಲ್ಲಾ ನೆನಪಿತ್ತು. ಕಸ್ತೂರಿ ಎಲ್ಲಿಂದ ಏನು ಕೇಳಿದರೂ ಟಕಟಕ ಹೇಳುತ್ತಿದ್ದಳು. "ನಿನ್ನ ಮಾರ್ಕ್ಸ್ ದಾಟಿ ಹೋಗಲಿಲ್ಲಂದ್ರ ಕೇಳಕ್ಕಾ" ಅಂತ ಕೆಣಕಿದಳು. ಪಟ್ಟಿಯ ಗೆರೆ ಮಾತ್ರ ಇಳಿದಿರಲಿಲ್ಲ. ತಿಂಗಳುಗಟ್ಟಲೆ ಹೆಪ್ಪುಗಟ್ಟಿದ್ದು ಮೂರು ವಾರದಲ್ಲಿ ಹೇಗೆ ಕರಗೀತು? ಪರೀಕ್ಷೆ ಮುಗಿಯಲಿ, ಆಮೇಲೆ ಇವಳನ್ನು ಅತ್ತೆಯ ಊರಿಗೆ ಕಳಿಸಿ ತಿಂಗಳು ಪೂರ್ತಿ ಮಲಗಿಸಬೇಕು ಅಂತ ಕಸ್ತೂರಿ ಅಂದುಕೊಂಡಳು. ಪರೀಕ್ಷೆಯ ಭಯದ ಮೇಲೆ ಪಟ್ಟಿಯ ಚಿಂತೆ ಯಾಕೆ ಅಂತ ಅದನ್ನು ಬಿಚ್ಚಿ ಕೇಂದ್ರಕ್ಕೆ ವಾಪಸು ಇಟ್ಟಳು.

ಮೊದಲ ಪರೀಕ್ಷೆಯೇ ರಸಾಯನಶಾಸ್ತ್ರ. ಅದೇ ದಿನ ಪೇಟೆಯಲ್ಲಿ ಸಮಾರಂಭ. ವರದಿ ಓದಿ ಮೆಚ್ಚಿದ ಮಂತ್ರಿಗಳು ಹಿರೇಕೊಪ್ಪಕ್ಕೆ ಬಂದು ಪ್ರಶಸ್ತಿ ಫಲಕ ಕೊಡುವವರಿದ್ದರು. ಚಂಪವ್ವನನ್ನು ವೇದಿಕೆಗೆ ಕರೆದಿದ್ದರು. ಕಸ್ತೂರಿಯನ್ನೂ ಕರೆದಿದ್ದರು, ಅವಳು ರಜೆ ಹಾಕಿ ತಂಗಿಯ ಜೊತೆ ಕಾಲೇಜಿಗೆ ಬಂದಳು. ರೋಹಿಣಿ ಬಾಯಿಗೆ ಸಕ್ಕರೆ ಹಾಕಿಸಿಕೊಂಡು, ಅಕ್ಕನ ಕಾಲು ಮುಟ್ಟಿ, ನಗುತ್ತ ಒಳಗೆ ಹೋದಳು.

ಕಸ್ತೂರಿ ಎದುರಿನ ಕಟ್ಟೆಯ ಮೇಲೆ ಕೂತಳು. ಬಿಸಿಲೇರಿತು. ಪೇಟೆಯ ಕಡೆಯಿಂದ ಮೈಕಿನಲ್ಲಿ ಭಾಷಣ ಕೇಳುತ್ತಿತ್ತು, ಮಾತುಗಳು ಬಿಡಿಬಿಡಿಯಾಗಿ ಗಾಳಿಗೆ ಬರುತ್ತಿದ್ದವು. ಕೊನೆಗೆ ಗಂಟೆ ಬಾರಿಸಿತು. ಹುಡುಗರು ಹುಡುಗಿಯರು ಉತ್ತರ ತಾಳೆ ನೋಡುತ್ತ, ಗಲಗಲ ಮಾತಾಡುತ್ತ ಹೊರಬಿದ್ದರು. ಅಂಗಳ ಖಾಲಿಯಾಯಿತು. ರೋಹಿಣಿ ಎಲ್ಲರಿಗಿಂತ ಕೊನೆಗೆ ಬಂದಳು, ಪಕ್ಕದಲ್ಲಿ ಮೇಲ್ವಿಚಾರಕಿಯಾಗಿದ್ದ ಒಬ್ಬ ಟೀಚರು. ಹುಡುಗಿಯ ಕೆನ್ನೆಯ ಮೇಲೆ ಬೆಂಚಿನ ಗೀರು ಮೂಡಿತ್ತು.

"ನೀವು ಇವಳ ಅಕ್ಕಾರೇನ್ರಿ?" ಅಂದರು ಟೀಚರಮ್ಮ. "ಮೊದಲನೇ ಪುಟ ಬರದ್ಲು, ಅಕ್ಷರ ಮುತ್ತಿನಂಗ. ಆಮ್ಯಾಲೆ ತಲಿ ಇಟ್ಟ ಮಲಗಿಬಿಟ್ಲು. ಎಬ್ಬಿಸಿದೆನ್ರಿ. ಎದ್ದು ಪೆನ್ನು ಹಿಡದ್ಲು, ಮತ್ತ ಮಲಗಿದ್ಲು. ಮತ್ತ ಎಬ್ಬಿಸಿದೆ. ನೀರು ಕುಡಿಸಿದೆ. ಆಮ್ಯಾಲೆ..." ಅವರು ರೋಹಿಣಿಯ ತಲೆ ಸವರಿದರು. "ಆಮ್ಯಾಲೆ ನನಗ ಎಬ್ಬಿಸಾಕ ಮನಸ್ಸಾಗಲಿಲ್ರಿ. ಅಷ್ಟು ಗಾಢ ಮಲಗಿತ್ತು ಕೂಸು."

ಕಸ್ತೂರಿ ತಂಗಿಯ ಎರಡೂ ಭುಜ ಹಿಡಿದುಕೊಂಡಳು. ಬೈಯಬೇಕೋ ಅಪ್ಪಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

"ಸಿಟ್ಟಾಗಬ್ಯಾಡಕ್ಕಾ. ಎಲ್ಲಾ ಪ್ರಶ್ನೆ ಬರ್ತಿದ್ವು ನಂಗ, ಖರೇ." ರೋಹಿಣಿಯ ಕಣ್ಣು ನಿದ್ದೆಯಿಂದ ಇನ್ನೂ ತಿಳಿಯಾಗಿದ್ದವು. ಎಷ್ಟೋ ತಿಂಗಳಾಗಿತ್ತು ಆ ಮುಖ ಅಷ್ಟು ಶಾಂತವಾಗಿ ಕಂಡು. "ಅಲ್ಲಿ ಕೂತೆ. ತಂಪಿತ್ತು, ಫ್ಯಾನ್ ತಿರಗತಿತ್ತು. ಯಾರೂ ಕರೀಲಿಲ್ಲಕ್ಕಾ. ಅಷ್ಟ ಹೊತ್ತು ಯಾರೂ ನನ್ನ ಯಾತಕ್ಕೂ ಕರೀಲಿಲ್ಲ."

ಕಸ್ತೂರಿ ಕುಸಿದು ಕಟ್ಟೆಯ ಮೇಲೆ ಕೂತಳು, ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು. ಪೇಟೆಯ ಕಡೆ ಚಪ್ಪಾಳೆಯ ಸದ್ದು ಎದ್ದಿತು. ಚಂಪವ್ವ ವೇದಿಕೆ ಹತ್ತಿದ್ದಳೋ ಏನೋ.

ರೋಹಿಣಿ ಅಕ್ಕನ ಮುಂದೆ ಮಂಡಿಯೂರಿ ಕೂತು, ದುಪಟ್ಟಾದ ತುದಿಯಿಂದ ಅವಳ ಕಣ್ಣು ಒರೆಸಿದಳು. ಕೆದರಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಏಳಕ್ಕಾ, ಅಳಬ್ಯಾಡ. ಹೊತ್ತಾತು. ಅವ್ವ ದಣಕೊಂಡ ಬರ್ತಾಳ, ಅಷ್ಟರಾಗ ಅಡಗಿ ಆಗಬೇಕು" ಅಂದಳು.